ಕಲ್ಲಪ್ಪನ ಮಗ ಪೆತ್ರೊವಿಚ್

1993ರ ಜೂನ್ 7, ಸೋಮವಾರ. ನನಗೆ ರಾತ್ರಿ ಪಾಳಿ. ದಿನಪತ್ರಿಕೆಯೊಂದರ ಕ್ರೀಡಾ ವಿಭಾಗಕ್ಕೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ಓಲ್ಡ್ ಟ್ರಾಫರ್ಡ್ ಟೆಸ್ಟ್ ಅಂದೇ ಮುಗಿದಿತ್ತು. ಗ್ರಹಾಂ ಗೂಚ್ 133 ರನ್ ಮಾಡಿದ್ದಾಗ, ಸ್ಟಂಪಿನ ಮೇಲೆ ಬೀಳಲಿದ್ದ ಚೆಂಡನ್ನು ಕೈಯಿಂದ ತಳ್ಳಿ ಔಟಾಗಿದ್ದರು. ಅಂಥ ವಿಚಿತ್ರ ಸಿಕ್ಕ ಮೇಲೆ ಕ್ರೀಡಾಪುಟಕ್ಕೆ ಇನ್ನೇನು ಬೇಕು? ಪುಟ ತುಂಬಿ, ತಲೆಬರಹ ಕೂತು, ಇನ್ನು ಚಹಾಕ್ಕೆ ಏಳೋಣ ಎನ್ನುವಷ್ಟರಲ್ಲಿ ಟೆಲಿಪ್ರಿಂಟರ್ ಮತ್ತೆ ಕಟಕಟ ಎಂದು ನಾಲ್ಕು ಸಾಲು ಉಗುಳಿತು. ಜರ್ಮನಿಯ ಹೆದ್ದಾರಿಯಲ್ಲಿ ಕಾರು ಅಪಘಾತ. ಕ್ರೊಯೇಷಿಯಾದ ಬ್ಯಾಸ್ಕೆಟ್‌ಬಾಲ್ ಆಟಗಾರನ ಸಾವು. ವಯಸ್ಸು 28.

ಏಜೆನ್ಸಿಯ ಇಂಗ್ಲಿಷಿನಲ್ಲಿ ಅಕ್ಷರದ ತಲೆಯ ಮೇಲಿನ ಗೀಟು, ಕೊಂಬುಗಳು ಯಾವುವೂ ಬರುತ್ತಿರಲಿಲ್ಲ. ಹೆಸರಿನ ಕೊನೆಯಲ್ಲಿ ಬೋಳು ‘ಸಿ’ ಇತ್ತು. ನಾನು ಹಿಂದೆಮುಂದೆ ನೋಡದೆ ‘ಪೆಟ್ರೋವಿಕ್’ ಎಂದು ಬರೆದು, ಅಕ್ಷರಜೋಡಣೆಗೆ ಕಳಿಸಿ, ಚಹಾಕ್ಕೆ ಹೋದೆ. ಹಿಂದಿನ ವರ್ಷ ಬಾರ್ಸಿಲೋನಾ ಒಲಿಂಪಿಕ್ಸ್ ಫಲಿತಾಂಶಗಳ ನಡುವೆಯೂ ಇದೇ ಹೆಸರನ್ನು ಇದೇ ರೀತಿ ಬರೆದಿದ್ದೆ. ಆಗ ಯಾರೂ ಕೇಳಿರಲಿಲ್ಲ.

ಅಂದು ಕೇಳಿದರು. ನಮ್ಮ ಮುಖ್ಯ ಉಪಸಂಪಾದಕರು ಚೆಸ್ ಹುಚ್ಚಿನವರು. ಯುಗೊಸ್ಲಾವಿಯಾದ ಗ್ರ್ಯಾಂಡ್‌ಮಾಸ್ಟರುಗಳ ಹೆಸರು ಅವರಿಗೆ ನೆಂಟರ ಹೆಸರಿದ್ದಂತೆ. ಪುಟದ ಮೇಲೆ ಬಾಗಿದವರು ಕನ್ನಡಕ ಹಣೆಗೇರಿಸಿ, “ಏನಪ್ಪಾ, ಗ್ಲಿಗೊರಿಚ್ ಎಂದು ಬರೆಯುತ್ತೀಯೋ, ಗ್ಲಿಗೊರಿಕ್ ಎಂದು ಬರೆಯುತ್ತೀಯೋ?” ಎಂದರು.

“ಗ್ಲಿಗೊರಿಚ್ ಸಾರ್.”

“ಮತ್ತೆ ಈ ಸತ್ತವನು ಏನು ಪಾಪ ಮಾಡಿದ್ದ?”

ಕಂಪ್ಯೂಟರ್ ವಿಭಾಗದವರು ಮನೆಗೆ ಹೊರಟಿದ್ದರು. ಪುಟ ಅಂಟಿಸುವವರು ಮೇಜಿನ ಕೆಳಗೆ ಬಿದ್ದಿದ್ದ, ಅಕ್ಷರ ಮೂಡಿಸಿದ ಬ್ರೋಮೈಡ್ ಕಾಗದದ ಚೂರುಗಳಲ್ಲಿ ಕೈಯಾಡಿಸಿದರು. ಅಂದು ಕಸದಲ್ಲೆಲ್ಲ ಗೂಚ್. ‘ಗೂಚ್’ ಎಂದಿದ್ದ ಒಂದು ಚೂರಿನಿಂದ ‘ಚ್’ ಅನ್ನು ಬ್ಲೇಡಿನ ಮೊನೆಯಲ್ಲಿ ಕೊಯ್ದು, ಎತ್ತಿ, ನಾನು ಬರೆದ ‘ಕ್’ ಮೇಲೆ ಕೂರಿಸಿ, ಉಗುರಿನಿಂದ ಒತ್ತಿದರು. ಅಕ್ಕಿಕಾಳಿಗಿಂತ ಚಿಕ್ಕ ಕಾಗದ. ಇಂಗ್ಲೆಂಡಿನ ನಾಯಕನ ಬಾಲ ಕ್ರೊಯೇಷಿಯಾದ ಹುಡುಗನಿಗೆ ಹತ್ತಿತು.

ಆ ‘ಚ್’ ಆಮೇಲೆ ನನ್ನನ್ನು ಬಿಡಲಿಲ್ಲ. ಕೆಲವರಿಗೆ ಅಂಚೆಚೀಟಿ, ಕೆಲವರಿಗೆ ನಾಣ್ಯ. ನಾನು ಈ ಮೂವತ್ತು ವರ್ಷಗಳಲ್ಲಿ ಪೆತ್ರೊವಿಚ್ಚರನ್ನು ಕೂಡಿಹಾಕಿದ್ದೇನೆ.

ಮೊದಲು ಹೆಸರನ್ನೇ ಬಿಡಿಸೋಣ. ಪೇತರ್ ಎಂದರೆ ನಮ್ಮ ಪೀಟರ್. ಮೂಲ ಗ್ರೀಕಿನಲ್ಲಿ ಬಂಡೆ, ಕಲ್ಲು. ‘ಒವ್’ ಎಂಬುದು ಷಷ್ಠಿಯ ಕೆಲಸ ಮಾಡುತ್ತದೆ. ‘ಇಚ್’ ಎಂದರೆ ಚಿಕ್ಕದು, ಮರಿ. ಒಟ್ಟಿನಲ್ಲಿ ಕಲ್ಲಪ್ಪನ ಮರಿ. ಧಾರವಾಡದ ಕಡೆಯ ಯಾವ ಹಳ್ಳಿಯಲ್ಲಿ ನಿಂತು ಕಲ್ಲಪ್ಪ ಎಂದು ಕೂಗಿದರೂ ಇಬ್ಬರಾದರೂ ತಿರುಗಿ ನೋಡುತ್ತಾರಲ್ಲ, ಬೆಲ್‌ಗ್ರೇಡಿನಲ್ಲಿ ಪೆತ್ರೊವಿಚ್ ಎಂದು ಕೂಗಿದರೂ ಅದೇ ಗತಿ. ಸೆರ್ಬಿಯಾದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಮನೆತನದ ಹೆಸರುಗಳಲ್ಲಿ ಇದೂ ಒಂದು. ರಷ್ಯನ್ ಕಾದಂಬರಿ ಓದಿದವರು ಇವಾನ್ ಪೆತ್ರೊವಿಚ್ ಎಂಬಂಥ ಹೆಸರು ನೋಡಿರುತ್ತಾರೆ. ಅದು ಬೇರೆ. ಅಲ್ಲಿ ಅದು ನಡುವೆ ಬರುವ ತಂದೆಯ ಹೆಸರು, ತಲೆಮಾರಿಗೊಮ್ಮೆ ಬದಲಾಗುತ್ತದೆ. ಇಲ್ಲಿ ಅದು ಕೊನೆಗೆ ಬಂದು ಮನೆತನಕ್ಕೇ ಅಂಟಿ ಕೂತಿದೆ. ನಾವು ಅಪ್ಪನನ್ನು ಒಂದೇ ಅಕ್ಷರದ ಇನಿಷಿಯಲ್ ಮಾಡಿ ಹೆಸರಿನ ಮುಂದೆ ನಿಲ್ಲಿಸುತ್ತೇವೆ. ಅವರು ಯಾವುದೋ ಕಾಲದ ಮುತ್ತಜ್ಜನನ್ನು ಪೂರ್ತಿಯಾಗಿ ಹೊತ್ತು ತಿರುಗುತ್ತಾರೆ.

ಕನ್ನಡದವರಿಗೆ ಹಿತವೆನಿಸುವ ಇನ್ನೊಂದು ಸಂಗತಿ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ವೂಕ್ ಕಾರಾಜಿಚ್ ಎಂಬ ಪಂಡಿತ ಸೆರ್ಬಿಯನ್ ಬರಹವನ್ನು ತಿದ್ದಿದ. ನುಡಿದಂತೆ ಬರೆ, ಬರೆದಂತೆ ಓದು ಎಂಬುದು ಅವನ ಸೂತ್ರ. ಅಲ್ಲಿ ಒಂದು ಅಕ್ಷರಕ್ಕೆ ಒಂದೇ ಧ್ವನಿ. ಹಾಗಾಗಿ ಈ ಹೆಸರು ನಮ್ಮ ಲಿಪಿಗೆ ಇಳಿಯುವುದು ಬಲು ಸುಲಭ: ಹಲ್ಲಿಗೆ ತಾಗುವ ‘ತ’, ಹ್ರಸ್ವ ‘ಒ’, ಕೊನೆಗೆ ‘ಚ್’. ಅವರ ಭಾಷೆಯಲ್ಲಿ ಚಕಾರಗಳು ಎರಡು, ಇದು ಎರಡರಲ್ಲಿ ಮೆದುವಾದದ್ದು. ಅಷ್ಟು ಸೂಕ್ಷ್ಮ ನಮಗೆ ದಕ್ಕದಿದ್ದರೆ ಹೋಗಲಿ. ನೇರವಾಗಿ ಬರುವ ಹೆಸರನ್ನು ಇಂಗ್ಲಿಷಿನ ಗಾಣದಲ್ಲಿ ಹಿಂಡಿಸಿ ‘ವಿಕ್’ ಮಾಡಿಕೊಳ್ಳುವ ಕರ್ಮ ಮಾತ್ರ ನಮ್ಮದೇ. ಜೊಕೊವಿಚ್ ಇಷ್ಟು ಗ್ರ್ಯಾನ್‌ಸ್ಲಾಮ್ ಗೆದ್ದ ಮೇಲೂ ಕನ್ನಡದಲ್ಲಿ ಆಗೊಮ್ಮೆ ಈಗೊಮ್ಮೆ ‘ಜೊಕೊವಿಕ್’ ಆಗಿ ಸೋಲುತ್ತಾನೆ.

ಈಗ ಜನರ ಸುದ್ದಿ. ಹೆಸರು ಇಷ್ಟು ಸಾಮಾನ್ಯವಾದರೆ ಅದರಿಂದ ಯಾರನ್ನೂ ಗುರುತಿಸಲಾಗದು. ಹೀಗಾಗಿ ಹೆಸರು ಮಾಡಿದ ಪೆತ್ರೊವಿಚ್ಚರಲ್ಲಿ ಬಹುಪಾಲು ಜನರಿಗೆ ಇನ್ನೊಂದು ಹೆಸರು ಹತ್ತಿಕೊಂಡಿದೆ, ಮನೆತನದ ಹೆಸರು ಹಿಂದೆ ಸರಿದಿದೆ. ಸೆರ್ಬಿಯನ್ನರನ್ನು ನಗಿಸಿದ ನಟ ಮಿಯೊದ್ರಾಗ್ ಪೆತ್ರೊವಿಚ್‌ನನ್ನು ಊರೆಲ್ಲ ಕರೆದದ್ದು ಚ್ಕಾಲ್ಯಾ ಎಂದು. ಅದೊಂದು ಮುಳ್ಳುಗಿಡದ ಹೆಸರು. ರೆಡ್ ಸ್ಟಾರ್ ಕ್ಲಬ್ಬಿನ ಫುಟ್‌ಬಾಲ್ ಆಟಗಾರ ವ್ಲಾದಿಮಿರ್ ಪೆತ್ರೊವಿಚ್‌ನಿಗೆ ಪಿಝೋನ್ ಎಂಬ ಹೆಸರು, ಅಂದರೆ ಫ್ರೆಂಚಿನ ಪಾರಿವಾಳ.

ಇವರೆಲ್ಲರಿಗಿಂತ ಹಿರಿಯ ಜೋರ್ಜೆ ಪೆತ್ರೊವಿಚ್. 1768ರಲ್ಲಿ ಹುಟ್ಟಿದವನು, ಹಂದಿ ವ್ಯಾಪಾರಿ. 1804ರಲ್ಲಿ ಒರಾಶತ್ಸ್ ಎಂಬ ಹಳ್ಳಿಯಲ್ಲಿ ಜನ ಸೇರಿ ತುರ್ಕರ ವಿರುದ್ಧದ ದಂಗೆಗೆ ಇವನನ್ನು ನಾಯಕನನ್ನಾಗಿ ಆರಿಸಿದರು. ಕಾರಾಜೋರ್ಜೆ, ಅಂದರೆ ಕರಿ ಜೋರ್ಜೆ ಎಂದು ಅವನ ಖ್ಯಾತಿ. ತುರ್ಕಿಯ ‘ಕಾರಾ’ ಎಂದರೆ ಕಪ್ಪು. ನಮ್ಮ ‘ಕರಿ’ಗೂ ಅದಕ್ಕೂ ಎಷ್ಟು ಹತ್ತಿರ ನೋಡಿ! ಇದರ ಮೇಲೆ ಯಾರಾದರೂ ಭಾಷಾಸಂಬಂಧದ ಮಹಲು ಕಟ್ಟುವ ಮೊದಲೇ ಹೇಳಿಬಿಡುತ್ತೇನೆ, ನನ್ನ ಮಟ್ಟಿಗೆ ಇದು ಕಾಕತಾಳೀಯ, ಕೇಳುವುದಕ್ಕೆ ಚೆಂದ ಅಷ್ಟೆ. ಒಂಬತ್ತು ವರ್ಷ ನಡೆದ ದಂಗೆ 1813ರಲ್ಲಿ ಮುರಿದುಬಿತ್ತು. ಅವನು ಆಸ್ಟ್ರಿಯಾಕ್ಕೆ ಓಡಿದ. 1817ರಲ್ಲಿ ಗುಟ್ಟಾಗಿ ಮರಳಿದಾಗ ಪ್ರತಿಸ್ಪರ್ಧಿ ಮಿಲೋಶ್ ಒಬ್ರೆನೊವಿಚ್ ಅವನನ್ನು ಕೊಲ್ಲಿಸಿ, ತಲೆಯನ್ನು ಇಸ್ತಾಂಬುಲ್‌ಗೆ ಕಳಿಸಿದ.

ಆ ಕಾಲಕ್ಕೆ ಅಲ್ಲಿ ಮನೆತನದ ಹೆಸರು ಇನ್ನೂ ಗಟ್ಟಿಯಾಗಿರಲಿಲ್ಲ. ಅಪ್ಪನ ಹೆಸರು ಪೇತರ್, ಆದ್ದರಿಂದ ಮಗ ಪೆತ್ರೊವಿಚ್. ಮುಂದೆ ಇವನ ಮಗ ಕಾರಾಜೋರ್ಜೆವಿಚ್ ಆದ. ಅಡ್ಡಹೆಸರೇ ರಾಜವಂಶದ ಹೆಸರಾಗಿ, ಯುಗೊಸ್ಲಾವಿಯಾದ ಕೊನೆಯ ದೊರೆಯವರೆಗೂ ಹಾಗೆಯೇ ನಡೆಯಿತು. ಕಲ್ಲಪ್ಪನನ್ನು ಆ ಮನೆಯವರು ಅಲ್ಲಿಗೆ ಬಿಟ್ಟರು.

ಬಿಡದೆ ಹಿಡಿದುಕೊಂಡವರು ಪಕ್ಕದ ಬೆಟ್ಟದ ನಾಡಿನವರು. ಮೊಂಟೆನೆಗ್ರೊವನ್ನು ಆಳಿದ್ದು ನ್ಯೆಗುಶಿ ಎಂಬ ಊರು ಮೂಲದ ಪೆತ್ರೊವಿಚ್ ಮನೆತನ, 1697ರಿಂದ 1918ರವರೆಗೆ. ಇವರ ಕತೆಯ ತಮಾಷೆ ಏನೆಂದರೆ, ನೂರೈವತ್ತು ವರ್ಷ ಈ ದೊರೆಗಳು ಬಿಷಪ್ಪರೂ ಆಗಿದ್ದರು. ಬಿಷಪ್ಪನಿಗೆ ಮದುವೆ ಇಲ್ಲ. ‘ಪೇತರನ ಮಗ’ ಎಂಬ ಹೆಸರು ಹೊತ್ತವನಿಗೆ ಮಗನೇ ಇರುವಂತಿಲ್ಲ! ಆದ್ದರಿಂದ ಪಟ್ಟ ಅಣ್ಣತಮ್ಮಂದಿರ ಮಕ್ಕಳಿಗೋ ದಾಯಾದಿಗಳಿಗೋ ಹೋಗುತ್ತಿತ್ತು. ತುಳುನಾಡಿನ ಅಳಿಯಸಂತಾನ ಬಲ್ಲವರಿಗೆ ಇದು ಅಷ್ಟೇನೂ ವಿಚಿತ್ರವಲ್ಲ. ನಮ್ಮಲ್ಲಿ ಅಕ್ಕತಂಗಿಯರ ಮಕ್ಕಳು, ಅಲ್ಲಿ ಅಣ್ಣತಮ್ಮಂದಿರ ಮಕ್ಕಳು. ಕಾರಣ ಮಾತ್ರ ಪೂರಾ ಬೇರೆ.

ಹಾಗೆ ದೊಡ್ಡಪ್ಪನಿಂದ ಪಟ್ಟ ಪಡೆದವರಲ್ಲಿ ದೊಡ್ಡವನು ನ್ಯೆಗೊಷ್. ಮನೆಯಲ್ಲಿ ಇಟ್ಟ ಹೆಸರು ರಾದೆ. ದೀಕ್ಷೆ ಪಡೆದು ಎರಡನೆಯ ಪೇತರ್ ಆದ. ಕಲ್ಲಪ್ಪನ ಮಗ ಕಲ್ಲಪ್ಪ. ಹದಿಹರೆಯ ದಾಟುವ ಮೊದಲೇ, 1830ರಲ್ಲಿ, ಅಧಿಕಾರ ಬಂತು. 1851ರಲ್ಲಿ, ಮೂವತ್ತೇಳರ ಪ್ರಾಯದಲ್ಲಿ, ಕ್ಷಯದಿಂದ ತೀರಿಕೊಂಡ. ಅಷ್ಟರೊಳಗೆ ತೆರಿಗೆ ಕೊಡದ ಪಂಗಡಗಳನ್ನು ಬಗ್ಗಿಸಿದ, ಮುದ್ರಣಾಲಯ ತಂದ, ಶಾಲೆ ತೆರೆದ, 1847ರಲ್ಲಿ ವಿಯೆನ್ನಾದಲ್ಲಿ ಅಚ್ಚಾದ ಮಹಾಕಾವ್ಯ ಬರೆದ. ಆ ಭಾಷೆಯ ಜನ ಇಂದಿಗೂ ಅದರ ಸಾಲುಗಳನ್ನು ಗಾದೆಗಳಂತೆ ಆಡುತ್ತಾರೆ. ಅವನ ಸಮಾಧಿ ಇರುವುದು ಲೊವ್ಚೆನ್ ಬೆಟ್ಟದ ತುದಿಯಲ್ಲಿ, 461 ಮೆಟ್ಟಿಲು ಹತ್ತಿದ ಮೇಲೆ. ಬೆಟ್ಟದ ನೆತ್ತಿಯಲ್ಲಿ ಪೂಜ್ಯರನ್ನು ಕೂರಿಸಿ ಭಕ್ತರಿಗೆ ಮೆಟ್ಟಿಲು ಕಟ್ಟುವ ಅಭ್ಯಾಸ ನಮ್ಮೊಬ್ಬರದೇ ಅಲ್ಲ.

ನ್ಯೆಗೊಷನ ನಂತರ ಬಂದವನು ಬಿಷಪ್ ಪದವಿ ಬಿಟ್ಟು ಮದುವೆಯಾದ. ಅವನ ಬಳಿಕ ಪಟ್ಟಕ್ಕೆ ಬಂದ ನಿಕೊಲಾ ಪೆತ್ರೊವಿಚ್ ಹಿಂದಿನ ಬಾಕಿಯನ್ನೆಲ್ಲ ಒಮ್ಮೆಲೇ ತೀರಿಸುವವನಂತೆ ಹೆಣ್ಣುಮಕ್ಕಳನ್ನು ಯೂರೋಪಿನ ಅರಮನೆಗಳಿಗೆ ಕೊಟ್ಟ. ಒಬ್ಬಳು ಇಟಲಿಯ ರಾಣಿ, ಇಬ್ಬರು ರಷ್ಯದ ಸೊಸೆಯರು. ಹಿರಿಯಳಾದ ಝೋರ್ಕಾಳನ್ನು 1883ರಲ್ಲಿ ಕಾರಾಜೋರ್ಜೆಯ ಮೊಮ್ಮಗನಿಗೆ ಕೊಟ್ಟ. ಹೀಗೆ ಹೆಸರು ಬಿಟ್ಟ ಪೆತ್ರೊವಿಚ್ಚರೂ ಹಿಡಿದ ಪೆತ್ರೊವಿಚ್ಚರೂ ಬೀಗರಾದರು. ಬೀಗತನದ ಫಲ 1918ರಲ್ಲಿ ಕಂಡಿತು. ಮೊಂಟೆನೆಗ್ರೊ ಸೆರ್ಬಿಯಾದೊಳಗೆ ಸೇರಿಹೋಯಿತು, ನಿಕೊಲಾನ ಕಿರೀಟ ಬಿತ್ತು, ಆಗ ಸೆರ್ಬಿಯಾದ ಅಧಿಕಾರ ಝೋರ್ಕಾಳ ಮಗ ಅಲೆಕ್ಸಾಂದರನ ಕೈಯಲ್ಲಿತ್ತು. ತಾತನ ರಾಜ್ಯ ಮೊಮ್ಮಗನ ಪಾಲಾಯಿತು. ತಾತ ಫ್ರಾನ್ಸಿನಲ್ಲಿ ದೇಶಭ್ರಷ್ಟನಾಗಿ ಸತ್ತ.

ಅಲೆಕ್ಸಾಂದರನಿಗೆ ಜೋರ್ಜೆ ಎಂಬ ಅಣ್ಣನಿದ್ದ. ಮುಂಗೋಪಿ, 1909ರಲ್ಲಿ ಯುವರಾಜಪಟ್ಟ ಬಿಟ್ಟುಕೊಟ್ಟವನು. ಈ ಜೋರ್ಜೆಗೆ ಗಣಿತ ಕಲಿಸಿದ ಮೇಷ್ಟ್ರು, ಜೊತೆಗೆ ಮೀನು ಹಿಡಿಯುವ ಗೆಳೆಯ, ಮಿಹಾಯ್ಲೊ ಪೆತ್ರೊವಿಚ್. ನನ್ನ ಸಂಗ್ರಹದಲ್ಲಿ ನನಗೆ ಅತ್ಯಂತ ಪ್ರಿಯನಾದವನು ಇವನೇ. 1894ರಲ್ಲಿ ಪ್ಯಾರಿಸಿನಲ್ಲಿ ಗಣಿತದ ಡಾಕ್ಟರೇಟ್ ಪಡೆದ. ಊರಿಗೆ ಬಂದು ಪ್ರಾಧ್ಯಾಪಕನಾದ. ಮರುವರ್ಷವೇ ಇನ್ನೊಂದು ಪರೀಕ್ಷೆಗೆ ಕೂತು ತೇರ್ಗಡೆಯಾದ: ನುರಿತ ಬೆಸ್ತನ ಪರೀಕ್ಷೆ. ಸಾವಾ ಮತ್ತು ಡಾನ್ಯೂಬ್ ನದಿಗಳಲ್ಲಿ ಬಲೆ ಬೀಸುವವರನ್ನು ಅಲ್ಲಿ ‘ಅಲಸ್’ ಎನ್ನುತ್ತಾರೆ. ಮಿಹಾಯ್ಲೊ ಪೆತ್ರೊವಿಚ್ ಅಲಸ್ ಎಂದೇ ಅವನ ಹೆಸರು ಗಣಿತದ ಚರಿತ್ರೆಯಲ್ಲೂ ನಿಂತಿದೆ. ಕನ್ನಡದಲ್ಲಿ ‘ಅಲಸ’ ಎಂದರೆ ಸೋಮಾರಿ. ಇವನಿಗಿಂತ ಆ ಪದಕ್ಕೆ ದೂರವಾದ ಮನುಷ್ಯ ಸಿಗಲಾರ. ಅವಕಲ ಸಮೀಕರಣಗಳನ್ನು ನೀರಿನ ಏರಿಳಿತದಿಂದ ಬಿಡಿಸುವ ಯಂತ್ರ ಕಟ್ಟಿ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ತಂದ. ಪಿಟೀಲು ನುಡಿಸಿದ. ಸೈನ್ಯಕ್ಕೆ ಗೂಢಲಿಪಿ ಮಾಡಿಕೊಟ್ಟ. ನೀರಿನಲ್ಲಿ ಕಾಲಿಟ್ಟು ನಿಂತವನಿಗೆ ನೀರಿನಿಂದಲೇ ಲೆಕ್ಕ ಮಾಡಿಸಬಹುದು ಎಂದು ಹೊಳೆದದ್ದು ಸಹಜ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಇದು ನನ್ನ ಊಹೆ, ಗಣಿತದವರು ನಕ್ಕರೆ ನಗಲಿ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಈ ಹೆಸರು ಇನ್ನೊಂದು ಬಗೆಯಲ್ಲಿ ವಿಚಿತ್ರ. ರಷ್ಯನ್ನಿನಲ್ಲಿ ಪೆತ್ರೊವ್‌ನ ಹೆಂಡತಿ ಪೆತ್ರೊವಾ. ಇಲ್ಲಿ ಹಾಗಿಲ್ಲ, ಮಗಳೂ ಸೊಸೆಯೂ ಪೆತ್ರೊವಿಚ್ಚೇ. ವ್ಯತ್ಯಾಸ ಕಾಣುವುದು ವಿಭಕ್ತಿ ಹತ್ತಿದಾಗ. ನಮ್ಮ ಹಾಗೆಯೇ ಅವರೂ ಹೆಸರಿಗೆ ವಿಭಕ್ತಿ ಹಚ್ಚುತ್ತಾರೆ. ಗಂಡಸಿನ ಹೆಸರಿನ ಬೀದಿಯಾದರೆ ‘ಪೆತ್ರೊವಿಚಾ’, ಹೆಂಗಸಿನದಾದರೆ ‘ಪೆತ್ರೊವಿಚ್’ ಕದಲದೆ ಹಾಗೇ ನಿಲ್ಲುತ್ತದೆ, ಮೊದಲ ಹೆಸರಷ್ಟೇ ಬಾಗುತ್ತದೆ.

ನಾದೆಝ್ದಾ ಪೆತ್ರೊವಿಚ್‌ಳ ಹೆಸರು ಹೀಗೆ ಕದಲದೆ ನಿಂತಿದೆ. ಇವಳಿಗೆ ಅಡ್ಡಹೆಸರು ಬೇಕಾಗಲಿಲ್ಲ. 1873ರಲ್ಲಿ ಚಾಚಕ್ ಊರಿನಲ್ಲಿ ಹುಟ್ಟಿದಳು. ಮ್ಯೂನಿಕ್‌ನಲ್ಲಿ ಚಿತ್ರಕಲೆ ಕಲಿತಳು. ದಪ್ಪ ಕುಂಚ, ಉರಿಯುವ ಕೆಂಪು, ಅದರ ಪಕ್ಕಕ್ಕೇ ಹಸಿರು. ಬೆಲ್‌ಗ್ರೇಡಿನ ಸಂಭಾವಿತರಿಗೆ ಅದು ಹಿಡಿಸಲಿಲ್ಲ. ಬಾಲ್ಕನ್ ಯುದ್ಧ ಬಂದಾಗ ದಾದಿಯಾಗಿ ಹೊರಟಳು. ಮಹಾಯುದ್ಧ ಬಂದಾಗ ಮತ್ತೆ ಹೊರಟಳು. 1915ರ ಏಪ್ರಿಲ್‌ನಲ್ಲಿ ವಾಲ್ಯೆವೊ ಪಟ್ಟಣದ ಆಸ್ಪತ್ರೆಯಲ್ಲಿ, ತಾನು ಯಾರ ಆರೈಕೆ ಮಾಡುತ್ತಿದ್ದಳೋ ಅವರಿಂದಲೇ ಟೈಫಸ್ ಜ್ವರ ಹತ್ತಿ ತೀರಿಕೊಂಡಳು. ಇವತ್ತು ಸೆರ್ಬಿಯಾದ 200 ದಿನಾರ್ ನೋಟಿನ ಮೇಲೆ ಅವಳ ಮುಖವಿದೆ. ಬದುಕಿದ್ದಾಗ ಅವಳ ಬಣ್ಣಗಳನ್ನು ಕಂಡು ಮೂಗು ಮುರಿದವರ ಮೊಮ್ಮಕ್ಕಳು ತರಕಾರಿಗೆ ಆ ನೋಟನ್ನೇ ಕೊಡುತ್ತಾರೆ.

ಈಗ ಆ ರಾತ್ರಿಯ ಹುಡುಗ.

ದ್ರಾಝೆನ್ ಪೆತ್ರೊವಿಚ್ 1964ರಲ್ಲಿ ಆಡ್ರಿಯಾಟಿಕ್ ದಂಡೆಯ ಶಿಬೆನಿಕ್‌ನಲ್ಲಿ ಹುಟ್ಟಿದ. ಅಣ್ಣ ಅಲೆಕ್ಸಾಂದರನೂ ಆಟಗಾರ, ಆಮೇಲೆ ಕೋಚ್. ಹದಿನೆಂಟರಲ್ಲಿ, 1983ರಲ್ಲಿ, ಯುಗೊಸ್ಲಾವ್ ಲೀಗಿನ ಫೈನಲ್‌ನ ಕೊನೆಯ ಗಳಿಗೆಯಲ್ಲಿ ಎರಡು ಫ್ರೀ ಥ್ರೋ ಹಾಕಿ ತನ್ನ ಸಣ್ಣ ಊರಿನ ಕ್ಲಬ್ಬಿಗೆ ಪ್ರಶಸ್ತಿ ತಂದುಕೊಟ್ಟ. ಮರುದಿನ ಒಕ್ಕೂಟದವರು ಅಂಪೈರಿಂಗ್ ಸರಿಯಿರಲಿಲ್ಲವೆಂದು ಪಂದ್ಯವನ್ನೇ ರದ್ದು ಮಾಡಿದರು. ಮತ್ತೆ ಆಡಲು ಶಿಬೆನಿಕ್‌ನವರು ಒಪ್ಪಲಿಲ್ಲ, ಪ್ರಶಸ್ತಿ ಎದುರಾಳಿಗೆ ಹೋಯಿತು. ಅಲ್ಲಿಂದ ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್‌ನ ತ್ಸಿಬೊನಾ ಕ್ಲಬ್ಬಿಗೆ ಹೋಗಿ 1985 ಮತ್ತು 1986ರಲ್ಲಿ ಯೂರೋಪಿಯನ್ ಕಪ್ ಗೆದ್ದ. ಒಂದೇ ಪಂದ್ಯದಲ್ಲಿ 112 ಅಂಕ ಹೊಡೆದ ದಾಖಲೆಯೂ ಆಗಿನದೇ. ಎದುರಾಳಿಗಳು ತಮ್ಮ ಆಟಗಾರರನ್ನು ಸಮಯಕ್ಕೆ ನೋಂದಾಯಿಸದೆ ಕಿರಿಯರ ತಂಡವನ್ನು ಇಳಿಸಿದ್ದರು ಎಂಬುದನ್ನೂ ಸೇರಿಸಿ ಹೇಳುವುದು ನ್ಯಾಯ. 1989ರ ಕಪ್ ವಿನ್ನರ್ಸ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಪರ ಹೊಡೆದ 62ಕ್ಕೆ ಅಂಥ ಯಾವ ಟಿಪ್ಪಣಿಯೂ ಬೇಡ.

ಆಮೇಲೆ ಅಮೆರಿಕದ ಎನ್‌ಬಿಎ. ಪೋರ್ಟ್‌ಲೆಂಡ್‌ನಲ್ಲಿ ಬೆಂಚು ಕಾಯಿಸಿದರು. ನ್ಯೂಜೆರ್ಸಿ ನೆಟ್ಸ್‌ಗೆ ಹೋದ ಮೇಲೆ ಅರಳಿದ. ಕೊನೆಯ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 22.3 ಅಂಕ. ಯೂರೋಪಿನಿಂದ ಬಂದವರು ಮೆದು ಎಂಬ ಮಾತು ಆಗ ಅಲ್ಲಿ ಚಾಲ್ತಿಯಲ್ಲಿತ್ತು. ಇವನು ಅದನ್ನು ಬಾಯಿಯಿಂದ ಅಲ್ಲಗಳೆಯುವ ಗೋಜಿಗೆ ಹೋಗದೆ ಮೈಕೆಲ್ ಜೋರ್ಡಾನ್‌ನ ಮುಖದೆದುರೇ ಚೆಂಡು ಹಾಕಿದ. ಬಾರ್ಸಿಲೋನಾ ಫೈನಲ್‌ನಲ್ಲಿ ಅಮೆರಿಕದ ಕನಸಿನ ತಂಡ 117–85ರಿಂದ ಗೆದ್ದಾಗ ಸೋತವರ ಪರ 24 ಅಂಕ ಇವನದು.

ಆದರೆ ನನ್ನನ್ನು ಕಾಡುವುದು ಅಂಕಗಳಲ್ಲ. ದ್ರಾಝೆನ್‌ನ ತಂದೆ ಹೆರ್ಸೆಗೊವಿನಾದ ಸೆರ್ಬ್. ತಾಯಿ ಬಿಸೆರ್ಕಾ ಶಿಬೆನಿಕ್ ಬಳಿಯ ಕ್ರೊಯೇಷಿಯನ್. ಮನೆಯಲ್ಲಿ ಇದು ದೊಡ್ಡ ವಿಷಯವಾಗಿರಲಿಲ್ಲ. ಸೆರ್ಬಿಯಾ, ಕ್ರೊಯೇಷಿಯಾ ಎರಡೂ ಸೇರಿದ್ದ ಯುಗೊಸ್ಲಾವಿಯಾ ಒಡೆಯುವವರೆಗೆ ಎಷ್ಟೋ ಮನೆಗಳಲ್ಲಿ ಆಗಿರಲಿಲ್ಲ. 1990ರ ವಿಶ್ವ ಚಾಂಪಿಯನ್‌ಷಿಪ್ ಅನ್ನು ಯುಗೊಸ್ಲಾವಿಯಾ ಬ್ಯೂನಸ್ ಐರಿಸ್‌ನಲ್ಲಿ ಗೆದ್ದಾಗ ಅಭಿಮಾನಿಯೊಬ್ಬ ಕ್ರೊಯೇಷಿಯಾದ ಬಾವುಟ ಹಿಡಿದು ಅಂಗಳಕ್ಕೆ ಇಳಿದ. ದ್ರಾಝೆನ್‌ನ ಆಪ್ತ ಗೆಳೆಯ, ಸೆರ್ಬ್ ಆಟಗಾರ ವ್ಲಾದೆ ದಿವಾತ್ಸ್ ಆ ಬಾವುಟವನ್ನು ಕಿತ್ತುಕೊಂಡ. ಇದು ನಮ್ಮೆಲ್ಲರ ತಂಡ, ಒಂದು ಕಡೆಯ ಬಾವುಟ ಬೇಡ ಎಂಬುದು ತನ್ನ ಭಾವನೆಯಾಗಿತ್ತೆಂದು ಆಮೇಲೆ ದಿವಾತ್ಸ್ ಹೇಳಿದ. ಜಾಗ್ರೆಬ್‌ನಲ್ಲಿ ಅದನ್ನು ಹಾಗೆ ಯಾರೂ ಓದಲಿಲ್ಲ. ಇಬ್ಬರ ನಡುವೆ ಮಾತು ನಿಂತಿತು. ಮರುವರ್ಷ ಯುದ್ಧ ಶುರುವಾಯಿತು.

ಈ ಗಲಾಟೆಯಲ್ಲಿ ‘ಪೆತ್ರೊವಿಚ್’ ಎಂಬ ಹೆಸರು ಯಾವ ಕಡೆಯದು? ಸೆರ್ಬರಲ್ಲಿ ಇದೆ, ಕ್ರೊಯೇಷಿಯನ್ನರಲ್ಲಿ ಇದೆ, ಮೊಂಟೆನೆಗ್ರೊದ ರಾಜರದ್ದೂ ಇದೇ. ಬಂದೂಕು ಹಿಡಿದು ರಸ್ತೆ ತಡೆದವರಿಗೆ ಗುರುತಿನ ಚೀಟಿಯಲ್ಲಿ ಈ ಹೆಸರು ಕಂಡರೆ ಏನೂ ಗೊತ್ತಾಗುತ್ತಿರಲಿಲ್ಲ. ಮೊದಲ ಹೆಸರು ನೋಡಬೇಕಿತ್ತು, ಅಪ್ಪನ ಹೆಸರು ಕೇಳಬೇಕಿತ್ತು. ಅಪ್ಪನ ಹೆಸರು ಹೇಳಲೆಂದೇ ಹುಟ್ಟಿದ ಹೆಸರು ಹೊತ್ತವನ ಬಳಿ ನಿಂತು, ನಿನ್ನ ಅಪ್ಪ ಯಾರು ಎಂದು ಮತ್ತೆ ಕೇಳುವುದು!

ಆ ಜೂನ್ 7ರಂದು ಅವನು ಪೋಲೆಂಡಿನಲ್ಲಿ ಕ್ರೊಯೇಷಿಯಾ ಪರ ಆಡಿ ಮರಳುತ್ತಿದ್ದ. ತಂಡದವರು ಫ್ರಾಂಕ್‌ಫರ್ಟ್‌ನಲ್ಲಿ ಜಾಗ್ರೆಬ್‌ನ ವಿಮಾನ ಹತ್ತಿದರು, ಇವನು ಕಾರಿನಲ್ಲಿ ಹೊರಟ. ಇಂಗೊಲ್‌ಷ್ಟಾಟ್ ಹತ್ತಿರ ಮಳೆ. ಲಾರಿಯೊಂದು ಹಿಡಿತ ತಪ್ಪಿ ಈಚೆ ರಸ್ತೆಗೆ ಅಡ್ಡ ಬಂದು ನಿಂತಿತು. ಇವನು ಚಾಲಕನ ಪಕ್ಕದ ಸೀಟಿನಲ್ಲಿ, ಬೆಲ್ಟ್ ಹಾಕದೆ, ನಿದ್ದೆಯಲ್ಲಿದ್ದ.

ಅವನು ಸತ್ತಾಗ ಇಬ್ಬರು ಗೆಳೆಯರೂ ಇನ್ನೂ ರಾಜಿಯಾಗಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಒಂದು ಸಾಕ್ಷ್ಯಚಿತ್ರಕ್ಕಾಗಿ ದಿವಾತ್ಸ್ ಜಾಗ್ರೆಬ್‌ಗೆ ಹೋದ. ಮಿರೊಗೊಯ್ ಸ್ಮಶಾನದಲ್ಲಿ ಗೆಳೆಯನ ಸಮಾಧಿಯ ಎದುರು ನಿಂತ, ಬಿಸೆರ್ಕಾರನ್ನು ಕಂಡ. ಏಳು ಅಡಿಗೂ ಮೀರಿದ ಆ ಮನುಷ್ಯ ಗೆಳೆಯನ ತಾಯಿಯ ಎದುರು ಹೇಗೆ ಕೂರಬೇಕೆಂದು ತಿಳಿಯದವನಂತೆ ಕೂತಿದ್ದ.

ಜಾಗ್ರೆಬ್‌ನಲ್ಲಿ ತ್ಸಿಬೊನಾದ ಆಟದ ಮನೆಗೆ ಈಗ ಅವನ ಹೆಸರು, ಮುಂದಿನ ಚೌಕಕ್ಕೂ ಅವನದೇ. ಅಲ್ಲಿನ ಜನ ಮಾತ್ರ ಮಾತಿನಲ್ಲಿ ಪೆತ್ರೊವಿಚ್ ಎನ್ನುವುದು ಕಡಿಮೆ. ದ್ರಾಝೆನ್ ಅಂದರೆ ಸಾಕು.

ಮೊನ್ನೆ ಹಳೆಯ ಕಡತ ಕೊಡವುವಾಗ ಆ ಚೂರು ಸಿಕ್ಕಿತು. ಒಂದು ಕಾಲಂ, ಆರು ಸಾಲು, ಗೂಚ್ ಚಿತ್ರದ ಕೆಳಗೆ. ಕಾಗದ ಹಳದಿಯಾಗಿದೆ. ಎರವಲು ತಂದ ‘ಚ್’ ಉಳಿದ ಅಕ್ಷರಗಳಿಗಿಂತ ಕೂದಲೆಳೆಯಷ್ಟು ಮೇಲಿದೆ, ಬಲಕ್ಕೆ ವಾಲಿದೆ. ಅವರ ಲಿಪಿಯಲ್ಲಿ ಆ ಅಕ್ಷರದ ತಲೆಯ ಮೇಲಿನ ಗೀಟು ವಾಲುವುದೂ ಬಲಕ್ಕೇ. ಅದರ ಹಿಂದಿನ ನನ್ನ ‘ಟ್ರೋ’ವನ್ನು ಮಾತ್ರ ಅಂದು ಯಾರೂ ಗಮನಿಸಿರಲಿಲ್ಲ. ‘ತ್ರೊ’ ಆಗಬೇಕಾದದ್ದು ಇನ್ನೂ ಹಾಗೆಯೇ ಇದೆ.